ಸಭೆ ಸೇರದೆ ನಿರ್ಣಯ: ಸಹಕಾರ ಸಂಘದ ಸದಸ್ಯರ ಮುಂದಿರುವ ದಾರಿಗಳು

1. ವಿಷಯದ ವ್ಯಾಪ್ತಿ

ಸಹಕಾರ ಸಂಘಗಳ ಆಡಳಿತ ಕುರಿತ ಚರ್ಚೆಗಳಲ್ಲಿ ಸಾಲ, ವಸೂಲಿ, ಚುನಾವಣೆ ಮತ್ತು ಲೆಕ್ಕಪರಿಶೋಧನೆಗೆ ಸಿಗುವಷ್ಟು ಗಮನ ನಿರ್ಣಯದ ವಿಧಾನಕ್ಕೆ ಸಿಕ್ಕಿಲ್ಲ. ಸದಸ್ಯರು ಒಂದೆಡೆ ಕುಳಿತು ಕೈಯೆತ್ತಿದರೆ ಮಾತ್ರ ಅದು ಸಂಘದ ನಿರ್ಣಯ ಎಂಬ ನಂಬಿಕೆಯ ಮೇಲೆ ಈ ಸಂಸ್ಥೆಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದುಬಂದಿವೆ. ಆದರೆ ಸಭೆಗೆ ಬರಲಾಗದ ಸದಸ್ಯನ ಅಭಿಪ್ರಾಯಕ್ಕೆ ಬೆಲೆಯಿದೆಯೇ, ಇದ್ದರೆ ಅದನ್ನು ಪಡೆಯುವ ನ್ಯಾಯವಾದ ಕ್ರಮ ಯಾವುದು ಎಂಬ ಪ್ರಶ್ನೆ ಹಳ್ಳಿಯ ಸೊಸೈಟಿಗಳಲ್ಲಿ ಪ್ರತಿವರ್ಷ ಎದುರಾಗುತ್ತದೆ.

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಮತ್ತು ಅದರ ಸುತ್ತಲಿನ ಊರುಗಳಲ್ಲಿ ಈ ಪ್ರಶ್ನೆ ಬೇಸಾಯದ ಹಂಗಾಮಿಗೇ ಹೊಂದಿಕೊಂಡಿದೆ. ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ವಾರ್ಷಿಕ ಮಹಾಸಭೆ ನಡೆಯಬೇಕಾದ್ದರಿಂದ ಹೆಚ್ಚಿನ ಸಂಘಗಳ ಸಭೆಗಳು ಸೆಪ್ಟೆಂಬರಿನಲ್ಲಿ ಒತ್ತಾಗಿ ಬರುತ್ತವೆ. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರು ಸೀಮೆಯ ಹೊಲಗಳಲ್ಲಿ ಹತ್ತಿಯ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಕಟ್ಟುವ ಕೆಲಸ, ನಡೆಯುವುದೂ ಆಗಲೇ. ಮರುದಿನ ಅರಳಲಿರುವ ಮೊಗ್ಗಿನ ಗಂಡುಕೇಸರವನ್ನು ಮಧ್ಯಾಹ್ನದ ನಂತರ ಉಗುರಿನಿಂದ ಬಿಡಿಸಿ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನಿಂದ ಅದಕ್ಕೆ ಪರಾಗ ಸವರುವ ಈ ಕೆಲಸವನ್ನು ಹೂ ಬಿಡುವಷ್ಟು ದಿನವೂ ಮಾಡಬೇಕು. ಒಂದು ಹೊತ್ತು ತಪ್ಪಿದರೆ ಆ ದಿನದ ಮೊಗ್ಗು ಕೈಬಿಟ್ಟಂತೆ. ಹೀಗಾಗಿ ಸಭೆಯ ದಿನ ಹೊಲ ಬಿಟ್ಟು ಬರಲಾಗದ ಸದಸ್ಯರನ್ನು, ಅದರಲ್ಲೂ ಈ ಕೆಲಸದ ಹೆಚ್ಚಿನ ಭಾರ ಹೊತ್ತ ಮಹಿಳೆಯರನ್ನು, ಸಂಘದ ಬಗ್ಗೆ ಆಸಕ್ತಿ ಇಲ್ಲದವರೆಂದು ತಳ್ಳಿಹಾಕುವುದು ಸರಿಯಲ್ಲ.

ಸಭೆಯಿಲ್ಲದೆ ಅಥವಾ ಸಭೆಯ ಹೊರಗೆ ಸದಸ್ಯರು ನಿರ್ಣಯ ಕೈಗೊಳ್ಳುವ ದಾರಿಗಳು ಯಾವುವು, ಕಾನೂನು ಅವುಗಳಲ್ಲಿ ಎಷ್ಟಕ್ಕೆ ಅವಕಾಶ ಕೊಡುತ್ತದೆ ಮತ್ತು ಸಭೆಗೆ ಬದಲಿ ಇಲ್ಲದ ಭಾಗ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಈ ಉಪನ್ಯಾಸ ಸೀಮಿತವಾಗಿದೆ.

2. ಹತ್ತಿರ ಕೂರುವುದಕ್ಕೆ ಇದ್ದ ಕಾರಣ

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1844ರಲ್ಲಿ ಅಂಗಡಿ ತೆರೆದ 28 ಮಂದಿ ಕಾರ್ಮಿಕರು ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ನಿಯಮಕ್ಕೆ ಬುನಾದಿ ಹಾಕಿದರು. ಭಾರತದ ಹಳ್ಳಿಗಳಿಗೆ ಬಂದ ಸಹಕಾರದ ಮಾದರಿ ಮಾತ್ರ ಆ ಅಂಗಡಿಯದಲ್ಲ, ಜರ್ಮನಿಯ ರೈಫೈಸನ್ ರೂಪಿಸಿದ ಗ್ರಾಮ ಪತ್ತಿನ ಸಂಘದ್ದು. ಅದನ್ನು ಅಧ್ಯಯನ ಮಾಡಿದ ಫ್ರೆಡರಿಕ್ ನಿಕೋಲ್ಸನ್ ಮದ್ರಾಸ್ ಸರ್ಕಾರಕ್ಕೆ ಕೊಟ್ಟ ವರದಿಯೂ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಗೆ ದಾರಿ ಮಾಡಿಕೊಟ್ಟಿತು. ಮರುವರ್ಷವೇ, 1905ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ನೋಂದಣಿಯಾಗಿ, ದೇಶದ ಸಹಕಾರ ಚರಿತ್ರೆಯ ಮೊದಲ ಪುಟದಲ್ಲಿ ಸ್ಥಾನ ಪಡೆಯಿತು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಗೂ ಇದೇ ಪರಂಪರೆ.

ಅಂದಿನ ಗ್ರಾಮೀಣ ಸಂಘಗಳು ಅಪರಿಮಿತ ಹೊಣೆಯ ತತ್ತ್ವದ ಮೇಲೆ ನಿಂತಿದ್ದವು. ಸಂಘ ಸೋತರೆ ಅದರ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನ ಸ್ವಂತ ಆಸ್ತಿಯೂ ಗುರಿಯಾಗುತ್ತದೆ ಎಂಬುದು ಇದರ ಅರ್ಥ. ನೆರೆಯವನು ಸಾಲದ ದುಡ್ಡಿನಲ್ಲಿ ಎತ್ತು ಕೊಂಡನೋ ಮದುವೆ ಮಾಡಿದನೋ ಎಂಬುದು ತನ್ನ ಹೊಲಕ್ಕೇ ಸಂಬಂಧಿಸಿದ ವಿಷಯವಾಗಿದ್ದಾಗ ಸದಸ್ಯರು ಎದುರುಬದುರು ಕುಳಿತು ಮಾತನಾಡುವುದು ಅನಿವಾರ್ಯವಾಗಿತ್ತು. ಸ್ವಾತಂತ್ರ್ಯಾನಂತರ, ಮುಖ್ಯವಾಗಿ 1954ರ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯ ವರದಿ ದೊಡ್ಡ ಸಂಘಗಳನ್ನು ಶಿಫಾರಸು ಮಾಡಿದ ಮೇಲೆ, ಹೊಣೆ ಪರಿಮಿತವಾಯಿತು, ಸಂಘಗಳ ವ್ಯಾಪ್ತಿ ಹಲವು ಊರುಗಳಿಗೆ ಹಬ್ಬಿತು, ಒಬ್ಬರಿಗೊಬ್ಬರು ಮುಖಪರಿಚಯವಿಲ್ಲದ ಸದಸ್ಯರು ಒಂದೇ ಷೇರು ರಿಜಿಸ್ಟರಿಗೆ ಬಂದರು. ಸಭೆ ಸೇರಲು ಇದ್ದ ಒತ್ತಾಯ ಸಡಿಲವಾದರೂ ಸಭೆಯ ವಿಧಿಗಳು ಮಾತ್ರ ಹಾಗೆಯೇ ಉಳಿದವು.

3. ಕಾನೂನಿನ ಗಡಿ

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 26ನೆಯ ಪ್ರಕರಣವು ಸಂಘದ ಪರಮಾಧಿಕಾರವನ್ನು ಸರ್ವಸದಸ್ಯರ ಸಭೆಗೆ ಕೊಡುತ್ತದೆ. 27ನೆಯ ಪ್ರಕರಣ ವಾರ್ಷಿಕ ಮಹಾಸಭೆಯನ್ನೂ 28ನೆಯದು ವಿಶೇಷ ಸಭೆಯನ್ನೂ ಕುರಿತದ್ದು. ಸದಸ್ಯನು ತನ್ನ ಮತವನ್ನು ಖುದ್ದಾಗಿ ಚಲಾಯಿಸಬೇಕು, ತನ್ನ ಪರವಾಗಿ ಇನ್ನೊಬ್ಬನನ್ನು ಕಳಿಸುವಂತಿಲ್ಲ ಎಂಬ 21ನೆಯ ಪ್ರಕರಣ ಈ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದುದು. ಹೊಲದಲ್ಲಿರುವ ಸದಸ್ಯ ಮಗನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿದರೆ ಅದು ಮತವಾಗುವುದಿಲ್ಲ. ಬೈಲಾ ತಿದ್ದುಪಡಿ, ಲಾಭದ ವಿಲೇವಾರಿ, ಸಂಘದ ವಿಲೀನ ಅಥವಾ ವಿಭಜನೆಯಂಥ ಮೂಲಭೂತ ವಿಷಯಗಳನ್ನು ಸರ್ವಸದಸ್ಯರ ಸಭೆಯ ಹೊರಗೆ ತೀರ್ಮಾನಿಸಲು ದಾರಿಯಿಲ್ಲ. (ಬೈಲಾ ಎಂದರೆ ಸಂಘ ತನಗಾಗಿ ಮಾಡಿಕೊಂಡು ನಿಬಂಧಕರಿಂದ ನೋಂದಾಯಿಸಿಕೊಂಡ ಒಳನಿಯಮ, ಈ ಭಾಗದ ಹಳೆಯ ಕಡತಗಳಲ್ಲಿ ಇದು ಪೋಟನಿಯಮ ಎಂದೂ ಕಾಣಸಿಗುತ್ತದೆ.)

ಸಂವಿಧಾನದ 97ನೆಯ ತಿದ್ದುಪಡಿ ವಾರ್ಷಿಕ ಸಭೆಗೆ ಆರು ತಿಂಗಳ ಗಡುವನ್ನು ಸಂವಿಧಾನದಲ್ಲೇ ಬರೆಯಿತು, ಸದಸ್ಯರ ಕನಿಷ್ಠ ಹಾಜರಾತಿಯ ಬಗ್ಗೆ ರಾಜ್ಯಗಳು ಕಾನೂನು ಮಾಡಬಹುದೆಂದೂ ಹೇಳಿತು. ಸುಪ್ರೀಂ ಕೋರ್ಟ್ 2021ರ ಜುಲೈನಲ್ಲಿ ಆ ತಿದ್ದುಪಡಿಯ ಸಹಕಾರ ಭಾಗವನ್ನು ಬಹುರಾಜ್ಯ ಸಂಘಗಳಿಗಷ್ಟೇ ಉಳಿಸಿ, ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಅಸಿಂಧುಗೊಳಿಸಿತು. ಆದರೂ ನಿಗದಿತ ಸಂಖ್ಯೆಯ ಸಭೆಗಳಿಗೆ ಗೈರಾದವರು ಮತದಾನಕ್ಕೆ ಅನರ್ಹರಾಗುವ ನಿಯಮ ಕರ್ನಾಟಕದ ಕಾಯ್ದೆಗೆ ಆ ಹೊತ್ತಿಗೇ ಬಂದಾಗಿತ್ತು. ಪ್ರತಿ ಚುನಾವಣೆಯ ಮುನ್ನ ಅರ್ಹ ಮತ್ತು ಅನರ್ಹ ಮತದಾರರ ಪಟ್ಟಿ ಅಂಟಿಸಿದೊಡನೆ ಎದ್ದೇಳುವ ತಕರಾರುಗಳ ಮೂಲ ಇದೇ.

ಸದಸ್ಯರನ್ನು ಸಭೆಗೆ ತರುವ ಉದ್ದೇಶದ ಈ ನಿಯಮದ ಇನ್ನೊಂದು ಪರಿಣಾಮವನ್ನು ಸಹಕಾರ ಕ್ಷೇತ್ರದಲ್ಲಿರುವವರೆಲ್ಲ ಬಲ್ಲರು. ಮತದ ಹಕ್ಕು ಹಾಜರಿ ಪುಸ್ತಕದ ಸಹಿಗೆ ಅಂಟಿಕೊಂಡಾಗ ಸಹಿಯೇ ಮುಖ್ಯವಾಗಿ, ಸಭೆ ಗೌಣವಾಗುತ್ತದೆ. ಬೆಳಿಗ್ಗೆ ಬಂದು ಸಹಿ ಹಾಕಿ, ವರದಿ ಪುಸ್ತಕ ಪಡೆದು, ಹೊಲಕ್ಕೆ ಮರಳುವವರಿದ್ದಾರೆ. ಸಭೆ ಮುಗಿದ ಮೇಲೆ ಪುಸ್ತಕವೇ ಮನೆಮನೆಗೆ ಹೋಗುತ್ತದೆ ಎಂಬ ದೂರೂ ಅಪರೂಪವಲ್ಲ. ಠರಾವು ಪುಸ್ತಕದಲ್ಲಿ ಮಾತ್ರ ಸೂಚಕರು, ಅನುಮೋದಕರು ಎಂಬ ಎರಡು ಹೆಸರುಗಳ ಕೆಳಗೆ “ಸರ್ವಾನುಮತದಿಂದ ಠರಾಯಿಸಲಾಯಿತು” ಎಂಬ ವಾಕ್ಯ ವಿಷಯದಿಂದ ವಿಷಯಕ್ಕೆ ಬದಲಾಗದೆ ಸಾಗುತ್ತದೆ. ಸಭೆಯಿಲ್ಲದ ನಿರ್ಣಯ ಹೀಗೆ ಕಾಗದದ ಮೇಲೆ ಸಭೆಯ ವೇಷ ತೊಟ್ಟು ಈಗಾಗಲೇ ಚಾಲ್ತಿಯಲ್ಲಿದೆ. ಆದ್ದರಿಂದ ಚರ್ಚೆಯಾಗಬೇಕಾದದ್ದು ಸಭೆಯಿಲ್ಲದೆ ನಿರ್ಣಯ ಬೇಕೋ ಬೇಡವೋ ಎಂಬುದಲ್ಲ, ಅದು ಪ್ರಾಮಾಣಿಕವಾಗಿ ನಡೆಯುವುದು ಹೇಗೆ ಎಂಬುದು.

4. ಸಭೆ ಮಾಡುವ ನಾಲ್ಕು ಕೆಲಸ

ಸಭೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಕೆಲಸಗಳಿವೆ. ಮೊದಲನೆಯದು ತಿಳಿಸುವುದು, ಅಂದರೆ ಸೂಚನಾ ಪತ್ರ, ವಿಷಯಪಟ್ಟಿ ಮತ್ತು ಅಢಾವೆ ಪತ್ರಿಕೆಯನ್ನು (ಸಂಘದ ಆಸ್ತಿ ಮತ್ತು ಹೊಣೆಗಳ ಪಟ್ಟಿ) ಎಲ್ಲರಿಗೂ ಮುಟ್ಟಿಸುವುದು; ಎರಡನೆಯದು ಕೇಳಿ ಹೇಳುವುದು, ಅಂದರೆ ಚರ್ಚೆ; ಮೂರನೆಯದು ಮತ; ನಾಲ್ಕನೆಯದು ನಡಾವಳಿ, ಅಂದರೆ ಆದದ್ದನ್ನು ಆದಂತೆ ಬರೆದಿಡುವುದು. ತಿಳಿಸುವುದಕ್ಕೂ ಬರೆದಿಡುವುದಕ್ಕೂ ಜನ ಒಂದೆಡೆ ಸೇರಬೇಕಿಲ್ಲ. ಮತಕ್ಕೂ ತಾತ್ವಿಕವಾಗಿ ಸೇರಬೇಕಿಲ್ಲ ಎಂಬುದಕ್ಕೆ ಸಹಕಾರ ಸಂಘಗಳ ಚುನಾವಣೆಯೇ ಸಾಕ್ಷಿ: ಸಹಕಾರ ಚುನಾವಣಾ ಪ್ರಾಧಿಕಾರದ ಉಸ್ತುವಾರಿಯಲ್ಲಿ ನಡೆಯುವ ಮತದಾನದಲ್ಲಿ ಸದಸ್ಯ ತನ್ನ ಬಿಡುವಿನ ಹೊತ್ತಿಗೆ ಮತಗಟ್ಟೆಗೆ ಬಂದು, ಗುಪ್ತವಾಗಿ ಮತ ಹಾಕಿ ಹೋಗುತ್ತಾನೆ, ಖುದ್ದು ಹಾಜರಿಯ ನಿಯಮವೂ ಪಾಲನೆಯಾಗುತ್ತದೆ, ಎಲ್ಲರೂ ಒಂದೇ ಗಳಿಗೆಯಲ್ಲಿ ಕೂಡಬೇಕಾದ ತೊಡಕೂ ಇರುವುದಿಲ್ಲ.

ತೊಡಕಿರುವುದು ಎರಡನೆಯ ಕೆಲಸದಲ್ಲಿ. ಗೊಬ್ಬರದ ಖಾತೆಯಲ್ಲಿ ತೋರಿಸಿದ ನಷ್ಟಕ್ಕೆ ಕಾರಣವೇನೆಂದು ಒಬ್ಬ ಸದಸ್ಯ ಎದ್ದು ಕೇಳಿದಾಗ, ಪ್ರಶ್ನೆ ಒಬ್ಬನದಾದರೂ ಉತ್ತರ ನೂರು ಜನರ ಕಿವಿಗೆ ಬೀಳುತ್ತದೆ. ಆ ಉತ್ತರದಿಂದಲೇ ಎರಡನೆಯವನಿಗೆ ಇನ್ನೊಂದು ಪ್ರಶ್ನೆ ಹೊಳೆಯುತ್ತದೆ. ಕಾರ್ಯದರ್ಶಿ ಒಬ್ಬೊಬ್ಬರ ಮನೆಗೆ ಹೋಗಿ ಸಮಾಧಾನ ಹೇಳಿದರೆ ಈ ಸರಪಳಿ ಹುಟ್ಟುವುದೇ ಇಲ್ಲ.

ಈ ವ್ಯತ್ಯಾಸವನ್ನು ತೋರಿಸಲು ಬ್ಯಾಡಗಿ ಮಾರುಕಟ್ಟೆ ಒಂದು ಹತ್ತಿರದ ಉದಾಹರಣೆ. ಅಲ್ಲಿ ಮೆಣಸಿನಕಾಯಿಯ ಮಾರಾಟ ಇ-ಟೆಂಡರ್ ಪದ್ಧತಿಯಲ್ಲಿ ನಡೆಯುತ್ತದೆ. ಖರೀದಿದಾರರು ಮಾಲು ನೋಡಿ ತಮ್ಮ ತಮ್ಮ ದರವನ್ನು ಪ್ರತ್ಯೇಕವಾಗಿ ನಮೂದಿಸುತ್ತಾರೆ, ಹೆಚ್ಚಿನ ದರಕ್ಕೆ ಆ ಲಾಟು ಸೇರುತ್ತದೆ. ಪ್ರತಿಯೊಬ್ಬನೂ ಒಂದು ಅಂಕಿ ಬರೆದರೆ ತೀರುವ ವಿಷಯಕ್ಕೆ ಕೂಟ ಬೇಕಿಲ್ಲ. ಆದರೆ ಮೆಣಸಿನಕಾಯಿ ದಾಸ್ತಾನಿಗೆ ಸಂಘವು ಗೋದಾಮು ಕಟ್ಟಬೇಕೇ, ಕಟ್ಟಿದರೆ ಸಾಲ ತರಬೇಕೇ, ತಂದ ಸಾಲ ಎರಡು ವರ್ಷ ಬರ ಬಿದ್ದರೆ ಹೇಗೆ ತೀರೀತು ಎಂಬ ವಿಷಯದಲ್ಲಿ ಅಂಕಿಗಿಂತ ಮೊದಲು ವಾದ ಬೇಕು.

5. ಇಂದಿನ ಕಾನೂನಿನೊಳಗೇ ಇರುವ ದಾರಿಗಳು

ಮೊದಲ ದಾರಿ ಮುಂಗಡ ಠರಾವು. ವರ್ಷದ ನಡುವೆ ಎದುರಾಗುವ ತುರ್ತುಗಳಲ್ಲಿ ಹೆಚ್ಚಿನವು ಅನಿರೀಕ್ಷಿತವಲ್ಲ. ಮುಂಗಾರಿನ ಮುಂಚೆ ಡಿ.ಎ.ಪಿ. ಮತ್ತು ಯೂರಿಯಾ ಎತ್ತುವಳಿ, ದಾಸ್ತಾನಿಗೆ ಬಾಡಿಗೆ ಗೋದಾಮು, ಮೆಕ್ಕೆಜೋಳದ ಒಕ್ಕಣೆಯ ಹೊತ್ತಿಗೆ ತೂಕದ ಯಂತ್ರದ ದುರಸ್ತಿ, ಇವು ಪ್ರತಿವರ್ಷ ಬರುವಂಥವು. ಇಂಥ ಖರ್ಚಿಗೆ ಆಡಳಿತ ಮಂಡಳಿ ಎಷ್ಟು ಮೊತ್ತದವರೆಗೆ, ಯಾವ ದರದ ಮಿತಿಯಲ್ಲಿ, ಎಷ್ಟು ದರಪಟ್ಟಿ ತರಿಸಿ ಹೋಗಬಹುದು ಎಂಬುದನ್ನು ಸೆಪ್ಟೆಂಬರಿನ ಮಹಾಸಭೆಯೇ ಗೊತ್ತುಮಾಡಿದರೆ ಜೂನ್ ತಿಂಗಳಿನಲ್ಲಿ ಸದಸ್ಯರನ್ನು ಕೂಡಿಸುವ ಅಗತ್ಯವಿಲ್ಲ. ಸದಸ್ಯರು ಬಿಡಿ ವಿಷಯವನ್ನು ಬಿಟ್ಟುಕೊಟ್ಟು ನಿಯಮವನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳುವ ಈ ಕ್ರಮ ಎಲ್ಲಕ್ಕಿಂತ ಸುಲಭವಾದದ್ದು, ಕಾನೂನಿನ ದೃಷ್ಟಿಯಿಂದ ಭದ್ರವಾದದ್ದು, ಆದರೂ ಕಡಿಮೆ ಬಳಕೆಯಲ್ಲಿರುವಂಥದು.

ಎರಡನೆಯದು ಸುತ್ತೋಲೆ ಠರಾವು. ಬೈಲಾದಲ್ಲಿ ಅವಕಾಶವಿದ್ದಲ್ಲಿ, ಆಡಳಿತ ಮಂಡಳಿಯ ನಿರ್ದೇಶಕರು ಸಭೆ ಸೇರದೆ, ಒಬ್ಬರಿಂದ ಒಬ್ಬರಿಗೆ ಸುತ್ತಲು ಕಳಿಸಿದ ಕಾಗದದ ಮೇಲೆ ಒಪ್ಪಿಗೆ ಬರೆದು ಕೈಗೊಳ್ಳುವ ನಿರ್ಣಯ ಇದು. ಇದರ ಶಿಸ್ತನ್ನು ಅರಿಯಲು 2013ರ ಕಂಪನಿಗಳ ಕಾಯ್ದೆಯ 175ನೆಯ ಪ್ರಕರಣ ಉತ್ತಮ ಮಾದರಿ, ಅದು ಸಹಕಾರ ಸಂಘಗಳಿಗೆ ನೇರವಾಗಿ ಅನ್ವಯಿಸದಿದ್ದರೂ. ಅದರ ಪ್ರಕಾರ ಠರಾವಿನ ಕರಡು ಅಗತ್ಯ ಕಾಗದಪತ್ರಗಳೊಂದಿಗೆ ಎಲ್ಲ ನಿರ್ದೇಶಕರಿಗೂ ಹೋಗಬೇಕು. ಮತಕ್ಕೆ ಅರ್ಹರಾದವರ ಬಹುಮತ ಬೇಕು. ಮೂರನೆಯ ಒಂದು ಭಾಗದಷ್ಟು ನಿರ್ದೇಶಕರು ವಿಷಯ ಸಭೆಯಲ್ಲೇ ತೀರ್ಮಾನವಾಗಲಿ ಎಂದರೆ ಸಭೆ ಕರೆಯಲೇಬೇಕು. ಅಂಗೀಕಾರವಾದ ಠರಾವನ್ನು ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಿಸಬೇಕು. ಸಾಲ ಎತ್ತುವಂಥ ದೊಡ್ಡ ವಿಷಯಗಳಿಗೆ ಕಂಪನಿಗಳಲ್ಲೂ ಮಂಡಳಿಯ ಸಭೆಯೇ ಬೇಕು.

ಈ ಶಿಸ್ತನ್ನು ಹಳ್ಳಿಯ ಸೊಸೈಟಿಗೆ ಹೊಂದಿಸಿದರೆ ಸುತ್ತೋಲೆಯ ಹಾಳೆ ಹೀಗಿರಬೇಕು: ಮೇಲೆ ವಿಷಯ, ಮೊತ್ತ, ಹಣ ಯಾವ ಬಾಬಿನಿಂದ ಎಂಬ ವಿವರ, ತುರ್ತಿನ ಕಾರಣ ಮತ್ತು ಉತ್ತರದ ಕೊನೆಯ ದಿನ, ಕೆಳಗೆ ಪ್ರತಿ ನಿರ್ದೇಶಕನ ಹೆಸರಿನ ಮುಂದೆ ಒಪ್ಪಿಗೆ, ವಿರೋಧ, ಸಭೆಯಲ್ಲಿ ಚರ್ಚೆಯಾಗಲಿ ಎಂಬ ಮೂರು ಅಂಕಣ, ಸಹಿ ಮತ್ತು ದಿನಾಂಕ. ಮೂರನೆಯ ಅಂಕಣ ಬಿಟ್ಟ ಸುತ್ತೋಲೆ ನಿರ್ದೇಶಕನನ್ನು ಸಹಿಗಷ್ಟೇ ಸೀಮಿತಗೊಳಿಸುತ್ತದೆ. ಬಾಡಿಗೆಗೆ ಪಡೆಯಲಿರುವ ಗೋದಾಮು ಒಬ್ಬ ನಿರ್ದೇಶಕನ ಸಂಬಂಧಿಕನದಾದರೆ ಆತ ಯಾವ ಅಂಕಣವನ್ನೂ ತುಂಬದೆ ಆ ಸಂಗತಿಯನ್ನೇ ಬರೆಯಬೇಕು.

ಮೂರನೆಯದು ಪ್ರತಿನಿಧಿಯ ಮೂಲಕ ನಿರ್ಣಯ. ಹಾಲು ಒಕ್ಕೂಟದ ಸದಸ್ಯರು ಬಿಡಿ ರೈತರಲ್ಲ, ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳು. ಪ್ರತಿ ಸಂಘ ಒಬ್ಬ ಪ್ರತಿನಿಧಿಯನ್ನು ಠರಾವಿನ ಮೂಲಕ ಕಳಿಸುತ್ತದೆ. ಪ್ರತಿನಿಧಿ ಏನು ಹೇಳಬೇಕೆಂದು ಹೊರಡುವ ಮುನ್ನ ಸಂಘದಲ್ಲಿ ಮಾತಾಗದಿದ್ದರೆ, ಅವನು ಅಲ್ಲಿ ಎತ್ತುವ ಕೈ ಅವನೊಬ್ಬನದೇ ಆಗಿರುತ್ತದೆ.

6. ಹೊರಗಿನ ಅನುಭವ

ಕೋವಿಡ್ ಕಾಲದಲ್ಲಿ ಜನ ಒಂದೆಡೆ ಸೇರುವುದೇ ನಿಂತುಹೋದಾಗ ಈ ಪ್ರಶ್ನೆ ಲೋಕದಾದ್ಯಂತ ಎದ್ದಿತು. ಭಾರತದಲ್ಲಿ ಕಂಪನಿಗಳಿಗೆ ವಿಡಿಯೋ ಮೂಲಕ ಸಾಮಾನ್ಯ ಸಭೆ ನಡೆಸಲು 2020ರ ಏಪ್ರಿಲಿನಲ್ಲಿ ಅನುಮತಿ ದೊರೆಯಿತು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸದಸ್ಯರೆಲ್ಲರೂ ಲಿಖಿತ ಒಪ್ಪಿಗೆ ಕೊಟ್ಟರೆ ಸಭೆಯಿಲ್ಲದೆಯೇ ನಿರ್ಣಯ ಮಾಡಲು ಮೊದಲಿನಿಂದಲೂ ಅವಕಾಶವಿದೆ. ಸರ್ವಾನುಮತದ ಷರತ್ತಿನಿಂದಾಗಿ ಅದು ಚಿಕ್ಕ ಸಂಘಗಳಿಗಷ್ಟೇ ಉಪಯುಕ್ತ.

ಎಲ್ಲಕ್ಕಿಂತ ಗಮನಾರ್ಹವಾದುದು ರೈಫೈಸನ್ನನ ನಾಡಾದ ಜರ್ಮನಿ 2022ರಲ್ಲಿ ತನ್ನ ಸಹಕಾರ ಕಾನೂನಿಗೆ ತಂದ ತಿದ್ದುಪಡಿ. ಅದು ಖುದ್ದು ಹಾಜರಿಯ ಸಭೆ, ಪೂರ್ತಿ ದೂರಸಂಪರ್ಕದ ಸಭೆ, ಎರಡೂ ಬೆರೆತ ಸಭೆ ಎಂಬ ಮೂರು ಬಗೆಗಳ ಜೊತೆಗೆ ವಿಸ್ತೃತ ಕ್ರಮ ಎನ್ನಬಹುದಾದ ನಾಲ್ಕನೆಯದನ್ನೂ ಮಾನ್ಯ ಮಾಡಿತು. ಈ ಕ್ರಮದಲ್ಲಿ ಚರ್ಚೆಯ ಹಂತ ಬೇರೆ, ಮತದ ಹಂತ ಬೇರೆ. ಒಂದೇ ದಿನದೊಳಗೆ ತುರುಕಿದ್ದನ್ನು ಹಲವು ದಿನಗಳಿಗೆ ಹರಡಲಾಗುತ್ತದೆ. ಆದರೆ ಚರ್ಚೆಯ ಹಂತವನ್ನೇ ಕೈಬಿಡಲು ಅವಕಾಶವಿಲ್ಲ. ಸದಸ್ಯರು ಒಂದೇ ಹೊತ್ತಿಗೆ ಸೇರುವುದನ್ನು ಬಿಟ್ಟುಕೊಡಬಹುದು, ಪರಸ್ಪರರ ಮಾತು ಕೇಳುವುದನ್ನು ಬಿಟ್ಟುಕೊಡುವಂತಿಲ್ಲ ಎಂಬ ತಿಳಿವಳಿಕೆ ಇದರ ಹಿಂದಿದೆ.

7. ಕುಪ್ಪೇಲೂರಿನಂಥ ಊರಿಗೆ ಒಪ್ಪುವ ಕ್ರಮ

ಕರ್ನಾಟಕದ ಕಾಯ್ದೆ ಮತವನ್ನು ಖುದ್ದು ಹಾಜರಿಗೆ ಕಟ್ಟಿಹಾಕಿದ್ದರೂ ಚರ್ಚೆಯನ್ನು ಸಭೆಯ ದಿನಕ್ಕೆ ಕಟ್ಟಿಹಾಕಿಲ್ಲ. ಆದ್ದರಿಂದ ವಿಸ್ತೃತ ಕ್ರಮದ ಮೊದಲರ್ಧವನ್ನು ಯಾವ ತಿದ್ದುಪಡಿಗೂ ಕಾಯದೆ ಇಂದೇ ಜಾರಿಗೆ ತರಬಹುದು, ಅದಕ್ಕೆ ಬೇಕಾದ ಜಾಗವೂ ಹಳ್ಳಿಗಳಲ್ಲಿ ಸಿದ್ಧವಿದೆ. ಹಾಲಿನ ಡೇರಿಗೆ ಸದಸ್ಯರು ಬೆಳಿಗ್ಗೆ ಸಂಜೆ ಎರಡು ಹೊತ್ತು ಬರುತ್ತಾರೆ. ಕ್ಯಾನು ಇಳಿಸಿ, ಹಾಲಿನ ಜಿಡ್ಡಿನಂಶ ಅಳೆದು, ಚೀಟಿ ಕೈಗೆ ಬರುವವರೆಗೆ ಸಾಲಿನಲ್ಲಿ ನಿಲ್ಲುತ್ತಾರೆ. ಕ್ರಾಸಿಂಗ್ ಹಂಗಾಮಿನಲ್ಲೂ ಈ ಸಾಲು ತಪ್ಪುವುದಿಲ್ಲ, ಅದರಲ್ಲಿ ಮಹಿಳೆಯರ ಸಂಖ್ಯೆಯೂ ಕಡಿಮೆಯಿರುವುದಿಲ್ಲ. ಮಹಾಸಭೆಗೆ ಹದಿನೈದು ದಿನ ಮುಂಚೆ ಅಢಾವೆ ಪತ್ರಿಕೆಯ ಸರಳ ಸಾರಾಂಶವನ್ನು ಅಲ್ಲಿ ಅಂಟಿಸಿ, ಪಕ್ಕದಲ್ಲಿ ಪುಟಸಂಖ್ಯೆ ಹಾಕಿದ ಪ್ರಶ್ನೆ ಪುಸ್ತಕವೊಂದನ್ನು ಇಟ್ಟು, ಬರೆಯಲಾರದವರ ಪ್ರಶ್ನೆಯನ್ನು ಅವರೆದುರೇ ಬರೆದುಕೊಂಡು, ಪ್ರತಿ ಪ್ರಶ್ನೆಗೂ ಎರಡು ದಿನದೊಳಗೆ ಅದೇ ಪುಸ್ತಕದಲ್ಲಿ ಉತ್ತರ ಬರೆದು ಓದಿಹೇಳಿದರೆ, ಸಭೆಗೆ ಬರಲಾಗದವರೂ ಚರ್ಚೆಯೊಳಗೆ ಬರುತ್ತಾರೆ. ಸಭೆಯ ದಿನ ಆ ಪುಸ್ತಕವನ್ನು ನಡಾವಳಿಯ ಭಾಗವಾಗಿ ಮಂಡಿಸಬೇಕು. ಪತ್ತಿನ ಸಂಘಗಳಿಗೆ ಡೇರಿ ಸೇರಿದ್ದಲ್ಲವಾದರೂ ಸದಸ್ಯರು ಬಹುಪಾಲು ಅವರೇ ಆದ್ದರಿಂದ ಡೇರಿಯ ಒಪ್ಪಿಗೆ ಪಡೆದು ಈ ಅನುಕೂಲ ಬಳಸಿಕೊಳ್ಳಬಹುದು.

ಇದರ ಮೇಲೆ ಮತದ ಭಾಗವೂ ಹಗುರಾಗಬೇಕಾದರೆ, ಚುನಾವಣೆಯಲ್ಲಿರುವಂತೆ ದಿನವಿಡೀ ತೆರೆದ ಪೆಟ್ಟಿಗೆಯಲ್ಲಿ ದೊಡ್ಡ ವಿಷಯಗಳಿಗೂ ಮತ ಹಾಕುವ ಅವಕಾಶವನ್ನು ಶಾಸನವೇ ಕೊಡಬೇಕಾಗುತ್ತದೆ. ಅದು ಶಾಸಕಾಂಗದ ಮುಂದಿಡಬೇಕಾದ ಬೇಡಿಕೆಯೇ ಹೊರತು ಯಾವುದೋ ಒಂದು ಸಂಘ ತನ್ನಷ್ಟಕ್ಕೆ ಮಾಡಿಕೊಳ್ಳುವ ಪ್ರಯೋಗವಲ್ಲ. ಹಾಗೆ ಮಾಡಿದ ನಿರ್ಣಯ 70ನೆಯ ಪ್ರಕರಣದಡಿ ವಿವಾದಕ್ಕೆ ಹೋದರೆ ನಿಲ್ಲುವುದು ಕಷ್ಟ.

8. ಮೊಬೈಲ್ ಕುರಿತು ಎಚ್ಚರಿಕೆ

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟ ಯೋಜನೆ 63,000 ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದು ತಂತ್ರಾಂಶದಡಿ ತರುವ ಗುರಿ ಹೊಂದಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ವಿದ್ಯುನ್ಮಾನ ದಾಖಲೆಗೂ ಸಹಿಗೂ ಮಾನ್ಯತೆ ಕೊಟ್ಟಿದೆ. ಹೀಗಿರುವಾಗ ಠರಾವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಹೆಬ್ಬೆರಳಿನ ಗುರುತು ಎಣಿಸಿದರೆ ಸಾಲದೇ ಎಂಬ ಮಾತು ಬರುವುದು ಸಹಜ. ತಿಳಿಸುವ ಕೆಲಸಕ್ಕೆ ಅದು ಸಾಕು, ಒಪ್ಪಿಗೆಗೆ ಸಾಲದು. ಷೇರು ತಾಯಿಯ ಹೆಸರಿನಲ್ಲಿದ್ದು ಫೋನು ಮಗನ ಕೈಯಲ್ಲಿರುವ ಮನೆಗಳಲ್ಲಿ ಗುರುತು ಒತ್ತಿದವರು ಯಾರು ಎಂಬುದು ತಿಳಿಯುವುದಿಲ್ಲ, ಕಾಯ್ದೆ ನಿಷೇಧಿಸಿದ ಬದಲಿ ಮತವೇ ಹೊಸ ರೂಪದಲ್ಲಿ ಒಳಗೆ ಬರುತ್ತದೆ. ಸಂದೇಶ ತಲುಪಿದ್ದನ್ನು ಓದಿದ್ದೆಂದೂ, ಓದಿ ಸುಮ್ಮನಿದ್ದುದನ್ನು ಒಪ್ಪಿಗೆಯೆಂದೂ ಎಣಿಸುವುದು ಇನ್ನೂ ದೊಡ್ಡ ತಪ್ಪು. ಮೌನವನ್ನು ಒಪ್ಪಿಗೆಯ ಲೆಕ್ಕಕ್ಕೆ ಸೇರಿಸುವ ಯಾವ ಕ್ರಮವನ್ನೂ ಬೈಲಾ ಮಾನ್ಯ ಮಾಡಬಾರದು.

9. ಸಮಾರೋಪ

ಇಲ್ಲಿಯವರೆಗಿನ ವಿವೇಚನೆಯಿಂದ ತಲುಪಬಹುದಾದ ತೀರ್ಮಾನ ಇಷ್ಟು. ದಿನನಿತ್ಯದ ವಿಷಯಗಳನ್ನು ಮುಂಗಡ ಠರಾವಿಗೂ ತುರ್ತಿನವನ್ನು ಶಿಸ್ತಿನ ಸುತ್ತೋಲೆಗೂ ಬಿಟ್ಟುಕೊಟ್ಟರೆ, ವರ್ಷದ ಮಹಾಸಭೆಗೆ ನಿಜವಾಗಿ ವಾದ ಬೇಡುವ ನಾಲ್ಕಾರು ವಿಷಯಗಳು ಉಳಿಯುತ್ತವೆ. ಅವುಗಳ ಚರ್ಚೆಯನ್ನೂ ಮುಂಚಿನ ದಿನಗಳಿಗೆ ಹರಡಿದರೆ ಸಭೆ ಚಿಕ್ಕದಾದರೂ ಗಟ್ಟಿಯಾಗುತ್ತದೆ. ಪ್ರಶ್ನೆಗೂ ಬಹಿರಂಗ ಉತ್ತರಕ್ಕೂ ಜಾಗವಿಲ್ಲದ ಕ್ರಮ ಮಾತ್ರ, ಅದು ಸಭೆಯೊಳಗೆ ನಡೆಯಲಿ ಹೊರಗೆ ನಡೆಯಲಿ, ಸದಸ್ಯರ ನಿರ್ಣಯ ಎನಿಸಿಕೊಳ್ಳಲಾರದು. ಬರುವ ಸೆಪ್ಟೆಂಬರಿನ ವಿಷಯಪಟ್ಟಿ ಕೈಗೆ ಬಂದಾಗ ಪ್ರತಿಯೊಬ್ಬ ಸದಸ್ಯನೂ ಸಹಿ ಹಾಕುವ ಮುನ್ನ ಅದನ್ನು ಪೂರ್ತಿ ಓದಬೇಕು, ಓದಲು ಬಾರದಿದ್ದರೆ ಓದಿಸಿ ಕೇಳಬೇಕು, ಒಂದಾದರೂ ಪ್ರಶ್ನೆಯನ್ನು ಲಿಖಿತವಾಗಿ ಕೊಟ್ಟು ಅದರ ಉತ್ತರ ಠರಾವು ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಬೇಕು.